ಅಡಿ ಕಾಗದ

ನಮ್ಮ ಕಂಪನಿಯ ಮಾಲೀಕರಾದ ವಾಸುದೇವ ಸರ್‌ಗೆ ನೀತಿವಾಕ್ಯದ ಹುಚ್ಚು. ಪ್ರತಿ ಸೋಮವಾರ ಒಂದು ಚಹಾ ಕಪ್ಪಿನ ಮೇಲೆ ಹೊಸ ವಾಕ್ಯ ಪ್ರಿಂಟ್ ಹಾಕಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡುತ್ತಾರೆ. ಇದು ನಡೆದ ವಾರದ್ದು ‘ಒಗ್ಗಟ್ಟಿನಲ್ಲಿ ಬಲವಿದೆ’. ಒಗ್ಗಟ್ಟಿನಲ್ಲಿ ಏನೇನಿದೆ ಅಂತ ನನಗೆ ಆ ವಾರವೇ ಗೊತ್ತಾಯಿತು. ಅದನ್ನೆಲ್ಲ ಕಪ್ಪಿನ ಮೇಲೆ ಬರೆಯಲು ಬರುವುದಿಲ್ಲ.

ಶಹಾಬಾದಿನಲ್ಲಿರುವ ನಮ್ಮ ಕಂಪನಿ ಮಾರುವುದು ಪ್ರಿಂಟಿಂಗ್ ಮಷಿನ್‌ಗಳನ್ನು. ಕಪ್ಪು, ಟೀ ಶರ್ಟು, ಕೊನೆಗೆ ಊರಿನ ಹಾಸುಗಲ್ಲಿನ ಮೇಲೂ ಫೋಟೊ ಮೂಡಿಸುವ ಮಷಿನ್‌ಗಳು. ಕೊಳ್ಳಲು ಬಂದವರಿಗೆ ಪ್ರಿಂಟ್ ಹಾಕಿ ತೋರಿಸುವುದು, ಕಲಿಸಿ ಕಳಿಸುವುದು ನನ್ನ ಮತ್ತು ಪ್ರಮಿತಾಳ ಕೆಲಸ. ನಾನು ಮೈತ್ರಿ, ಸನ್ನತಿಯವಳು. ಪ್ರಮಿತಾ ವಾಡಿಯ ಮೇಷ್ಟರ ಮಗಳು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಮಷಿನ್ ಮುಟ್ಟಲು ಹೆದರಿ ನನ್ನ ಹಿಂದೆ ನಿಂತಿದ್ದಳು. ಆಮೇಲೆ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ವಾಡಿಯಲ್ಲಿ ಒಂದು ಪ್ರಿಂಟ್ ಸೆಂಟರ್ ತೆರೆದು ನಮ್ಮಿಬ್ಬರ ಕೈಗೇ ಕೊಡುತ್ತೇನೆ ಎಂದು ಸರ್ ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿಯೇ ನಾನು ಸಿಮೆಂಟ್ ಫ್ಯಾಕ್ಟರಿಯ ಆಫೀಸಿನಲ್ಲಿ ಸಿಕ್ಕಿದ್ದ ನೌಕರಿಗೆ ಸೇರದೆ ಬಿಟ್ಟೆ. ನಮ್ಮವ್ವ ಅನಸುಬಾಯಿ ಫೋನಿನಲ್ಲೇ ಝಾಡಿಸಿದಳು. “ಕೈಯಾಗ ಬಂದದ್ದು ಬಿಡ್ತೀಯಲ್ಲ, ತಲಿ ನೆಟ್ಟಗ ಅದನೋ ಇಲ್ಲೊ?” ತಲೆ ನೆಟ್ಟಗೇ ಇತ್ತು. ಮನುಷ್ಯರನ್ನು ಅಳೆಯುವ ಕಣ್ಣು ಮಾತ್ರ ಇರಲಿಲ್ಲ.

ಆ ದಿನ ಚಿತ್ತಾಪುರದಿಂದ ಲತೀಫಾ ಎಂಬುವವರು ಮಷಿನ್ ನೋಡಲು ಬಂದಿದ್ದರು. ಶಾಲೆ ಮಕ್ಕಳ ಆಟದ ಜರ್ಸಿ ಪ್ರಿಂಟ್ ಮಾಡಿ ಸ್ವಂತ ಕಾಲಿನ ಮೇಲೆ ನಿಲ್ಲಬೇಕು ಎಂಬ ಆಸೆ ಅವರದು. ಬಿಳಿ ಜರ್ಸಿ ಹಾಸಿ, ಮೇಲೆ ಹುಲಿಯ ಚಿತ್ರದ ಕಾಗದ ಇಟ್ಟು, ಕಾದ ಮಷಿನ್ನಿನ ಹಿಡಿಕೆ ಇಳಿಸಿ, ಸ್ವಲ್ಪ ಹೊತ್ತಾದ ಮೇಲೆ ಎತ್ತಿದೆ. ಎದೆಯ ಮೇಲೆ ಹುಲಿಯ ಮುಖ ಚೆಂದಾಗಿ ಮೂಡಿತ್ತು. ಲತೀಫಾ ಖುಷಿಯಿಂದ ಜರ್ಸಿ ತಿರುಗಿಸಿ ನೋಡಿದರು.

“ಅಯ್ಯ, ಹಿಂದ ಇದೇನ್ರಿ ಮೇಡಂ? ದಾಗ್ ಬಿದ್ದದಲ್ರಿ!”

ಅದೇನೆಂದು ನೋಡಿದ ಕೂಡಲೇ ಗೊತ್ತಾಯಿತು. ಮಷಿನ್ನಿನ ಹಲಗೆಯ ಮೇಲೆ ನಾವು ಒಂದು ಬಿಳಿ ಕಾಗದ ಹಾಸುತ್ತೇವೆ, ಅದಕ್ಕೆ ಅಡಿ ಕಾಗದ ಅನ್ನುತ್ತೇವೆ. ತೆಳು ಬಟ್ಟೆಗೆ ಪ್ರಿಂಟ್ ಹಾಕಿದರೆ ಬಣ್ಣ ಬಟ್ಟೆ ದಾಟಿ ಆ ಕಾಗದಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಅದು ಮಬ್ಬು, ಬೇಗ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬದಲಿಸದೆ ಇನ್ನೊಂದು ಬಟ್ಟೆ ಇಟ್ಟು ಕಾವು ಕೊಟ್ಟರೆ ಹಳೆಯ ಪ್ರಿಂಟು ಹೊಸ ಬಟ್ಟೆಯ ಬೆನ್ನಿಗೆ ಹತ್ತುತ್ತದೆ, ಅದೂ ಉಲ್ಟಾ ಆಗಿ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಕೊನೆಗೆ ಪ್ರಿಂಟ್ ಹಾಕಿದವರು ಅಡಿ ಕಾಗದ ಬದಲಿಸಿಯೇ ಮನೆಗೆ ಹೋಗಬೇಕು. ಮರುದಿನ ಬಂದವರು ಅದನ್ನು ನಂಬಿ ಕೆಲಸ ಶುರು ಮಾಡುತ್ತಾರೆ. ಹಿಂದಿನ ದಿನ ಕೊನೆಗೆ ಉಳಿದವಳು ಪ್ರಮಿತಾ. “ನೀ ನಡಿ ಮೈತ್ರಿ, ನಂದೊಂದೀಟು ಕೆಲಸ ಅದ” ಅಂದಿದ್ದಳು.

ಉಲ್ಟಾ ಅಕ್ಷರ ಓದುವುದು ನಮಗೆ ನೀರು ಕುಡಿದಷ್ಟು ಸಲೀಸು. ಲತೀಫಾಗೆ ಕಂಡದ್ದು ಬರೀ ನೀಲಿ ಕಲೆ. ನಾನು ಓದಿದೆ: ‘ಪ್ರಮಿತಾ–ಅಭಯ ಪ್ರಿಂಟ್ ಸೆಂಟರ್, ವಾಡಿ. ಉದ್ಘಾಟನೆಗೆ ಬಂದವರಿಗೆ ಸ್ವಾಗತ.’ ಅತಿಥಿಗಳಿಗೆ ಹೊದಿಸುವ ಶಾಲಿನ ಪ್ರಿಂಟು. ಅಭಯ ಅಂದರೆ ಅವಳ ಅಣ್ಣ. ಮೈತ್ರಿ ಎಂಬ ಹೆಸರಿಗಾಗಿ ಹುಡುಕಿದೆ, ಅಂಚಿನವರೆಗೂ ಹುಡುಕಿದೆ. ಎಲ್ಲೂ ಇರಲಿಲ್ಲ.

ಲತೀಫಾ ಎದುರಿಗಿದ್ದರು, ಅವರ ಆಸೆಗೆ ನನ್ನ ಹೊಟ್ಟೆಯ ಬೆಂಕಿ ತಾಗಬಾರದು. “ಇದು ನಮ್ಮ ತಪ್ಪು ರೀ, ಮಷಿನ್ದಲ್ಲ” ಎಂದು ಹೊಸ ಕಾಗದ ಹಾಸಿ ಇನ್ನೊಂದು ಜರ್ಸಿ ಮಾಡಿಕೊಟ್ಟೆ. ಅಡಿ ಕಾಗದ ಬದಲಿಸುವುದನ್ನು ಅವರ ಕೈಯಿಂದಲೇ ಮಾಡಿಸಿದೆ. ಅವರು ಮಷಿನ್ ಕೊಳ್ಳುವುದನ್ನು ಗೊತ್ತು ಮಾಡಿ ಹೋದರು. ನಾನು ದಾಗಿನ ಜರ್ಸಿ ಹಿಡಿದು ಸೀದಾ ಸರ್ ಕೋಣೆಗೆ ನುಗ್ಗಿದೆ. ಪ್ರಮಿತಾ ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದಳು.

“ಇದೇನ್ರಿ ಸರ್?” ಅಂದೆ.

ಸರ್ ಕನ್ನಡಕ ಏರಿಸಿದರು. “ಯಾಕವ್ವ, ವಾಡಿ ಸೆಂಟರಿನ ಹೆಸರಲ್ಲ ಇದು? ನೀನು ಸಿಮೆಂಟ್ ಫ್ಯಾಕ್ಟರಿ ನೌಕರಿಗಿ ಹೊಂಟೀ, ನಿನಗ ಸೆಂಟರ್ ಬ್ಯಾಡಂತ ಪ್ರಮಿತಾ ಹೇಳಿದ್ಳಲ್ಲ?”

ಬಿಟ್ಟ ನೌಕರಿಗೇ ನನ್ನನ್ನು ಕಳಿಸಿಬಿಟ್ಟಿದ್ದಳು! ಆ ನೌಕರಿ ಬಿಟ್ಟ ದಿನ ನನ್ನನ್ನು ತಬ್ಬಿ ಅತ್ತವಳು ಇವಳೇ. ನಂಬಿಸಿ ಕತ್ತು ಕುಯ್ಯುವುದು ಅನ್ನುತ್ತಾರಲ್ಲ, ಆ ಮಾತನ್ನು ನಾನು ಎಷ್ಟೋ ಸಲ ಆಡಿದ್ದೆ, ಆಗೆಲ್ಲ ಕತ್ತು ನನ್ನದಾಗಿರಲಿಲ್ಲ.

“ಖರೇ ಹೇಳು ಪ್ರಮಿತಾ, ನಾ ಯಾವಾಗ ಬ್ಯಾಡಂದೆ?”

ಅವಳು ಕಪ್ಪು ಕೆಳಗಿಟ್ಟಳು. “ಅಣ್ಣನ ಕೆಲಸ ಹೋಯ್ತು ಮೈತ್ರಿ. ಮನ್ಯಾಗ ಕುಂತು ಕುಂತು ಮಾತಾಡೋದೇ ಬಿಟ್ಟಾನ. ಅವ್ವ ದಿನಾ ಅಳಾಕತ್ಯಾಳ. ನಾ ಏನ್ ಮಾಡಬೇಕಿತ್ತು?”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ನೀ ಇಲ್ಲಂತಿದ್ದಿಲ್ಲ. ಕೊಟ್ಟೇ ಬಿಡ್ತಿದ್ದಿ. ಆಮ್ಯಾಲ ಜನ್ಮಪೂರ್ತಿ ನಿನ್ನ ಉಪಕಾರದಾಗ ಇರಬೇಕಾಗ್ತಿತ್ತು. ಅದು ನನ್ನ ಕೈಲೆ ಆಗ್ತಿದ್ದಿಲ್ಲ.”

ಸುಳ್ಳಿಗಿಂತ ಈ ಮಾತು ಹೆಚ್ಚು ಉರಿಯಿತು. ನನ್ನ ಉಪಕಾರ ಅವಳಿಗೆ ಭಾರವಂತೆ, ನನ್ನ ಹೊಟ್ಟೆಪಾಡು ಕಿತ್ತುಕೊಳ್ಳುವುದು ಹಗುರವಂತೆ! ಇಷ್ಟು ದಿನ ನಾನು ಗೆಳತಿ ಅಂದುಕೊಂಡಿದ್ದೆ, ಅವಳು ಸಾಲ ತೆಗೆದುಕೊಂಡವಳ ಹಾಗೆ ಪಕ್ಕದಲ್ಲಿ ಕುಳಿತು ಉಂಡಿದ್ದಳು.

ಸರ್ ಇಬ್ಬರ ಮುಖವನ್ನೂ ನೋಡಿದರು. ಅವರ ಮುಖದಲ್ಲಿ ಯಾವ ನೀತಿವಾಕ್ಯವೂ ಇರಲಿಲ್ಲ. “ಕರಾರು ಇನ್ನಾ ಆಗಿಲ್ಲ. ತಪ್ಪು ನಂದೂ ಅದ, ನಿನ್ನ ಒಂದ್ ಮಾತು ಕೇಳಬೇಕಿತ್ತು. ಮೈತ್ರಿ, ನೀ ಹೇಳ್ದಂಗ ಮಾಡ್ತೀನಿ. ಹೇಳು.”

ಪ್ರಮಿತಾ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಮೈತ್ರಿಯ ಮನಸ್ಸು ಮೆತ್ತಗೆ, ಅವಳು ಬಿಟ್ಟುಕೊಡುತ್ತಾಳೆ ಎಂಬ ಭರವಸೆಯ ನೋಟ. ಅಭಯಣ್ಣ ನನ್ನ ಕಣ್ಣ ಮುಂದೆ ಬಂದ. ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ.

“ಕೇಳಿದ್ರ ಕೊಡ್ತಿದ್ದೆ ಸರ್” ಅಂದೆ. “ಕೇಳಿಲ್ಲ. ಸೆಂಟರ್ ನಾನೇ ನಡಸ್ತೀನ್ರಿ. ಒಬ್ಬಾಕಿನೇ.”

ಪ್ರಮಿತಾ ಬಿಕ್ಕಿ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಬಾಗಿಲು ದಾಟಿ ಹೊರಗೆ ಬಂದೆ. ಗೆದ್ದೆನಲ್ಲ ಅಂತ ಎದೆ ಉಬ್ಬಬೇಕಿತ್ತು, ಉಬ್ಬಲಿಲ್ಲ. ವಾಡಿ ಸೆಂಟರ್ ನನ್ನದಾಗಿತ್ತು. ಇಷ್ಟು ದೊಡ್ಡ ಸುದ್ದಿಯನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಎಂದು ಮೊಬೈಲ್ ತೆಗೆದೆ. ಬೆರಳು ರೂಢಿಯ ಪ್ರಕಾರ ಪ್ರಮಿತಾಳ ಹೆಸರನ್ನು ಒತ್ತಿಬಿಟ್ಟಿತು. ಒಳಗೆ, ಸರ್ ಕೋಣೆಯಲ್ಲಿ, ಅವಳ ಫೋನು ಹೊಡೆದುಕೊಳ್ಳತೊಡಗಿತು.