ಆರೋ ಏಳೋ

"ಇವತ್ತು ಏಳಲ್ವಾ ಅಣ್ಣಾ?" ಎನ್ನುತ್ತಾ ವೈದ್ಯ ಉಬಾರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ತಿಂಗಳ ಏಳನೇ ದಿನ ವೈದ್ಯ ಆದೋನು ರೋಗಿ ಮೈ ಮುಟ್ಟೋ ಹಾಗಿಲ್ಲ. ಅದನ್ನ ನಿಮಗೆ ನಾನು ಹೇಳ್ಬೇಕಾ? ಹೊತ್ತು ಮುಳುಗಿ ಎಂಟು ಶುರುವಾಗ್ಲಿ, ಬಂದು ಕೊಯ್ದುಬಿಡ್ತೀನಿ."

ಇನ್ಬಾ ಗೋಡೆಗೊರಗಿ ಕೂತಿದ್ದಳು. ದವಡೆಯ ಕೆಳಗಿನ ಕುರು ದಾಳಿಂಬೆಯಷ್ಟು ಊದಿತ್ತು. ನಿನ್ನೆಯಿಂದ ಗಂಟಲಲ್ಲಿ ನೀರು ಇಳಿದಿರಲಿಲ್ಲ, ಇವತ್ತು ಬೆಳಗಿನಿಂದ ಉಸಿರೂ ಸಿಕ್ಕಿಕೊಳ್ಳುತ್ತಿತ್ತು. ಅವಳು ವೈದ್ಯನ ಕಡೆ ನೋಡಲಿಲ್ಲ. ಗಂಡ ಲಾಬಾಶಿಯನ್ನು ನೋಡಿದಳು. ಇವತ್ತು ಏಳಲ್ಲ, ಆರು ಎಂಬುದು ಇಡೀ ಬಾಬಿಲೋನಿನಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಲಾಬಾಶಿ ಮೂವತ್ತು ವರ್ಷದಿಂದ ಮರ್ದುಕನ ಗುಡಿಗೆ ಅಮಾವಾಸ್ಯೆಯ ನಂತರದ ಮೊದಲ ಚಂದ್ರನನ್ನು ನೋಡಿ ಹೇಳುವವನು. ಇಪ್ಪತ್ತೊಂಬತ್ತು ದಿನ ಮುಗಿದ ಸಂಜೆ ಚಂದ್ರ ಕಂಡರೆ ಆಗಿನಿಂದಲೇ ಹೊಸ ತಿಂಗಳು. ಕಾಣದಿದ್ದರೆ ಇನ್ನೊಂದು ದಿನ ತಡ. ಅವನ ಹೆಸರಿನ ಅರ್ಥ 'ನನಗೆ ಅವಮಾನವಾಗದಿರಲಿ' ಎಂದು. ಹೆತ್ತವರ ಆ ಬೇಡಿಕೆಯನ್ನು ದೇವರು ಸ್ವಲ್ಪ ಹೆಚ್ಚೇ ನಡೆಸಿಕೊಟ್ಟಿದ್ದ. ಲಾಬಾಶಿಯ ಕಣ್ಣೆಂದರೆ ಹದ್ದಿನ ಕಣ್ಣು ಎಂಬ ಮಾತು ಬೀದಿಬೀದಿಯಲ್ಲಿತ್ತು.

ಆ ಕಣ್ಣಿಗೆ ಎರಡು ವರ್ಷದಿಂದ ಪೊರೆ ಬಂದಿತ್ತು. ಬೆಳಕು ಗೊತ್ತಾಗುತ್ತಿತ್ತು, ಅಷ್ಟೆ. ಹೇಳಿಕೊಳ್ಳಲು ನಾಚಿಕೆ. ಕೆಲಸ ಮಾತ್ರ ಲೆಕ್ಕದ ಮೇಲೆ ನಡೆಯುತ್ತಿತ್ತು. ಗುಡಿಯ ಪಂಡಿತರು ಆಕಾಶವನ್ನು ರೊಟ್ಟಿ ಮುರಿದಂತೆ ಹನ್ನೆರಡು ಸಮಪಾಲು ಮಾಡಿಟ್ಟಿದ್ದರಲ್ಲ! ವೃಷಭದ ಕೊಂಬು ಪಕ್ಕದ ಪಾಲಿಗೆ ಚಾಚಿಕೊಂಡಿದೆ, ಕರ್ಕಾಟಕದ ಏಡಿಗೆ ತನ್ನ ಪಾಲು ತುಂಬುವಷ್ಟು ಮೈಯೇ ಇಲ್ಲ. ಇದ್ದರೇನು, ಬರೆಯುವವರಿಗೆ ಅನುಕೂಲ. ಯಾವ ತಿಂಗಳು ಚಂದ್ರ ಯಾವ ಪಾಲಿನಲ್ಲಿ ಹುಟ್ಟಬೇಕೆಂಬುದು ಲಾಬಾಶಿಗೆ ಬಾಯಿಪಾಠ. ಹುಟ್ಟಬೇಕಾದ ಕಡೆಗೆ ಬೆರಳು ಮಾಡಿ "ಅಗೋ" ಎನ್ನುತ್ತಿದ್ದ. ಚಂದ್ರನೂ ಇಷ್ಟು ದಿನ ಮಾನ ಕಾಪಾಡಿದ್ದ.

ಈ ಅಯ್ಯಾರು ತಿಂಗಳಲ್ಲಿ ಕಾಪಾಡಲಿಲ್ಲ. ಆ ಸಂಜೆ ಪಡುವಣದಲ್ಲಿ ಧೂಳು ಕವಿದಿತ್ತು. ಉಳಿದ ನಾಲ್ವರು ನೋಡುಗರು ಕಾಣಲಿಲ್ಲವೆಂದರು. ಲಾಬಾಶಿ ಕಂಡಿತೆಂದ. ಪಕ್ಕದಲ್ಲೇ ನಿಂತಿದ್ದ ಇನ್ಬಾ ಮೆಲ್ಲಗೆ, "ರೀ, ಅಲ್ಲೇನೂ ಇಲ್ಲ" ಎಂದಿದ್ದಳು. "ಹಿಟ್ಟು ಜರಡಿ ಹಿಡಿಯೋ ಕಣ್ಣಿಗೆ ಚಂದ್ರ ಕಾಣುತ್ತೇನೇ?" ಎಂದು ಅವಳ ಬಾಯಿ ಮುಚ್ಚಿಸಿದ್ದ. ಗುಡಿಯವರು ಅವನ ಮಾತನ್ನೇ ನಂಬಿ ಆ ಸಂಜೆಯಿಂದಲೇ ತಿಂಗಳ ಮೊದಲ ದಿನವೆಂದು ಬರೆದುಕೊಂಡರು. ಮರುದಿನ ಸಂಜೆ ಎಲ್ಲರಿಗೂ ಕಂಡ ಚಂದ್ರ ಕೂದಲೆಳೆಯಂತಿದ್ದ. ಎರಡನೇ ದಿನದ ಚಂದ್ರ ಇಷ್ಟು ಬಡಕಲೇ ಎಂದು ಯಾರೋ ನಕ್ಕರು. ಇನ್ಬಾ ನಗಲಿಲ್ಲ. ಅವತ್ತಿನಿಂದ ಆ ಮಾತನ್ನೇ ಎತ್ತಲಿಲ್ಲ.

ಉಬಾರ್ ಆಗಲೇ ಹೊರಟುಬಿಟ್ಟಿದ್ದ. ಲಾಬಾಶಿ ಗೋಡೆ ತಡವುತ್ತಾ ಓಣಿಗೆ ಓಡಿದ.

"ಉಬಾರ್, ನಿಲ್ಲಪ್ಪಾ. ಇವತ್ತು ಆರು ಕಣೋ."

"ಆರಾ? ಯಾರಂದ್ರು?"

"ನಾನೇ. ಅವತ್ತು ನಾನು ಚಂದ್ರನ್ನ ನೋಡ್ಲಿಲ್ಲ, ಸುಳ್ಳು ಹೇಳ್ದೆ. ನನಗೆ ಕಣ್ಣು ಕಾಣಿಸೋಲ್ಲ." ಎರಡು ವರ್ಷ ಬಚ್ಚಿಟ್ಟ ಮಾತು ಹೊರಬಿದ್ದಿತ್ತು.

ಉಬಾರ್ ಜೋರಾಗಿ ನಕ್ಕುಬಿಟ್ಟ. "ಅಯ್ಯೋ ಅಣ್ಣಾ! ಹೆಂಡತಿಗೋಸ್ಕರ ಏನೆಲ್ಲಾ ಕಟ್ತೀರಲ್ಲ ನೀವು!"

"ಸುಳ್ಳಲ್ಲವೋ. ಬೇಕಾದ್ರೆ ಬೆರಳು ತೋರ್ಸು, ಎಷ್ಟು ಅಂತ ಕೇಳು."

"ಕಾಣಿಸ್ತಿಲ್ಲ ಅನ್ನೋದು ಯಾರಿಗೆ ಕಷ್ಟ ಹೇಳಿ? ನನ್ನ ಮಗನಿಗೆ ಬೈಯೋವಾಗೆಲ್ಲ ನಿಮ್ಮ ಕಣ್ಣಿನ ಹೆಸರೇ ಹೇಳೋದು ನಾನು." ಆಮೇಲೆ ಅವನ ದನಿ ತಗ್ಗಿತು. "ನಮ್ಮ ಚಿಕ್ಕಪ್ಪ ಹೀಗೇ ಏಳನೇ ದಿನ ಒಬ್ಬಳ ಮೈ ಮುಟ್ಟಿದ. ಅವಳು ಸತ್ತಳು, ಇವನನ್ನ ಮತ್ತೆ ಯಾರೂ ಮನೆಗೆ ಕರೀಲಿಲ್ಲ. ಸಂಜೆ ಬಂದು ನಿಮ್ಮ ಅಂಗಳದಲ್ಲೇ ಕಾಯ್ತೀನಿ. ಮಾಳಿಗೆ ಮೇಲಿಂದ ಹೊತ್ತು ಮುಳುಗಿತು ಅಂತ ನೀವೇ ಕೂಗಿ. ನಿಮಗಿಂತ ದೊಡ್ಡ ಸಾಕ್ಷಿ ಬೇಕಾ?"

ಲಾಬಾಶಿ ಹಿಂತಿರುಗಿ ಇನ್ಬಾಳ ಪಕ್ಕದಲ್ಲಿ ಕೂತ. ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು.

"ಯಾರಿಗೂ... ಹೇಳ್ಬೇಡಿ. ಆಡ್ಕೋತಾರೆ."

"ಹೇಳ್ಬಿಟ್ಟೆ ಕಣೇ."

"ನಂಬಿದ್ರಾ?"

"ಇಲ್ಲ."

ಅವಳು ನಗಲು ಹೋದಳು, ಕೆಮ್ಮು ಬಂತು. ಲಾಬಾಶಿಗೆ ಆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಸಾಯುವ ಹೊತ್ತಿನಲ್ಲೂ ಇವಳು ಗಂಡನ ಮಾನಕ್ಕೆ ಕಾವಲು ಕೂತಿದ್ದಳು. ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಾ ಇಡೀ ಮಧ್ಯಾಹ್ನ ಕಳೆದ.

ಸಂಜೆ ಉಬಾರ್ ಬಂದು ಅಂಗಳದಲ್ಲಿ ಕೆಂಡ ಹಾಕಿಸಿ ಕತ್ತಿ ಕಾಯಿಸತೊಡಗಿದ. ಎತ್ತರದ ಗೋಡೆಗಳ ನಡುವೆ ಅಲ್ಲಿ ಆಗಲೇ ನೆರಳು ಕವಿದಿತ್ತು. ಸೂರ್ಯ ಎಲ್ಲಿದ್ದಾನೆಂಬುದು ಮಾಳಿಗೆಯ ಮೇಲಿದ್ದವರಿಗೇ ಗೊತ್ತಾಗಬೇಕು. ಲಾಬಾಶಿ ಮೆಟ್ಟಿಲನ್ನು ಕೈಯಿಂದ ಮುಟ್ಟಿ ಮುಟ್ಟಿ ಹತ್ತಿದ. ಪಡುವಣಕ್ಕೆ ಮುಖ ಮಾಡಿ ನಿಂತ.

ಕೆಳಗಿನಿಂದ ಅವಳ ಉಸಿರು ಕೇಳುತ್ತಿತ್ತು. ಎಳೆಯಿತು, ಬಿಟ್ಟಿತು. ಎಳೆಯಿತು. ಆಮೇಲೆ ಏನೂ ಕೇಳಲಿಲ್ಲ. ಅವನು ಕಿವಿಗೊಟ್ಟು ನಿಂತ. ಎಷ್ಟೋ ಹೊತ್ತಾದ ಮೇಲೆ ಗೊರ್ರೆಂದು ಮತ್ತೆ ಬಂತು.

"ಮುಳುಗಿತು!" ಎಂದು ಲಾಬಾಶಿ ಕೂಗಿದ. ಏಳು ಸಂಜೆಗಳ ಹಿಂದೆ ಚಂದ್ರ ಕಂಡಿತೆಂದು ಕೂಗಿದ್ದ ಅದೇ ಗಟ್ಟಿ ದನಿ.

"ನೋಡೇ ಹೇಳ್ತಿದ್ದೀರಾ ಅಣ್ಣಾ?"

"ಈ ಕಣ್ಣಾರೆ ನೋಡ್ದೆ."

ಉಬಾರ್ ಒಳಗೆ ಓಡಿದ ಸದ್ದು ಕೇಳಿತು. ಇನ್ಬಾ ಚೀರಿದಳು. ಆ ಚೀರಿನ ಬೆನ್ನಿಗೇ ಉದ್ದಕ್ಕೆ, ಹೊಟ್ಟೆ ತುಂಬ ಎಳೆದುಕೊಂಡ ಒಂದು ಉಸಿರು, ಅದರ ಹಿಂದೆ ಇನ್ನೊಂದು.

"ಕೀವೆಲ್ಲ ಬಂತು, ಅತ್ತಿಗೆ ಉಳ್ಕೊಂಡ್ರು!" ಉಬಾರ್ ಅಂಗಳಕ್ಕೆ ಬಂದು ಕೂಗಿದ. "ಸರಿಯಾದ ಹೊತ್ತಿಗೆ ಹೇಳಿದ್ರಿ. ನಿಮ್ಮ ಕಣ್ಣು ತಣ್ಣಗಿರಲಿ ಅಣ್ಣಾ! ಇಳಿದು ಬನ್ನಿ, ನಿಮ್ಮನ್ನೇ ಕೇಳ್ತಿದ್ದಾರೆ."

ಲಾಬಾಶಿ ಇಳಿಯಲಿಲ್ಲ. ಗೋಡೆಯಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಮೇಲಿನ ಬಿಸಿಲು ಆರುವವರೆಗೆ ಅಲ್ಲೇ ನಿಂತಿದ್ದ.