ಅಣ್ಣನ ಹೊಲಕ್ಕೆ ಸಿಹಿನೀರು

ಗುಂಡಿಗೆ ಕೊನೆಯ ಬುಟ್ಟಿ ಮಣ್ಣು ಸುರಿದ ಪಕ್ಕದ ಹೊಲದವನು ಸೊಂಟ ನೆಟ್ಟಗೆ ಮಾಡಿಕೊಂಡು, "ಪಾಪ, ಉಪ್ಪುನೀರಪ್ಪ! ಕಾಲುವೆ ಬಾಗಿಲಿಗೇ ಬಂದ್ರೂ ಹಠ ಬಿಡ್ಲಿಲ್ಲ," ಎಂದ.

"ಉಡದ ಪಟ್ಟು ಕಣಯ್ಯ ಅವನದು," ಎಂದಿತು ಇನ್ನೊಂದು ದನಿ. "ಬಾವಿಯ ಉಪ್ಪುನೀರು ಕುಡಿಸಿ ಯಾರಾದ್ರೂ ಗೋಧಿ ಬೆಳೀತಾರಾ?"

ತೀರಿಕೊಂಡವನ ಹೆಂಡತಿ ಕೇಳಿಯೂ ಕೇಳದವಳಂತೆ ನಿಂತಿದ್ದಳು. ಅವಳ ಕಣ್ಣು ಮೈದುನನನ್ನು ಹುಡುಕುತ್ತಿತ್ತು. ಕಂಡಕಂಡವರ ಕಾಲು ಹಿಡಿದು ಕಾಲುವೆ ತರಿಸಿದವನು ಅವನು. ಅದರ ನೀರು ಬೇಡವೆಂದು ಅಣ್ಣ ಅಂದ ದಿನದಿಂದ ಮಾತು ಬಿಟ್ಟಿದ್ದ. ಇವತ್ತು ಬಂದವನು, ಬಿಸಿಲು ಬೀಳದಂತೆ ಅಣ್ಣನ ಮುಖಕ್ಕೆ ಕೊಡೆ ಹಿಡಿದು ದಾರಿಯುದ್ದಕ್ಕೂ ನಡೆದಿದ್ದ. ಮಣ್ಣು ಹಾಕುವಾಗ ಮಾತ್ರ ಕಾಣಲಿಲ್ಲ.

*

ಅದೊಂದು ಸಂಜೆ ಗಂಡ ಎರಡು ಲೋಟಗಳಲ್ಲಿ ಹೊಲದ ಹೆಂಟೆ ಹಾಕಿ ಅವಳನ್ನು ಕರೆದಿದ್ದ. ಬಾವಿಯ ನೀರಿನಲ್ಲಿ ಮಣ್ಣು ತಳ ಸೇರಿತು, ನೀರು ತಿಳಿಯಾಯಿತು. ಕಾಲುವೆ ನೀರಿನದು ಕರಗಿ ಬಗ್ಗಡವಾಗಿ, ಹಾಗೇ ನಿಂತಿತು.

"ನಮ್ಮ ಮಣ್ಣಲ್ಲಿ ಸೋಡಾ ಸೇರ್ಕೊಂಡಿದೆ ಕಣೇ. ಈಗಲೇ ಸಿಹಿನೀರು ಬಿದ್ರೆ ಹೀಗೇ ಕರಗಿ, ಸಂದೆಲ್ಲ ಮುಚ್ಚಿ, ಗಾರೆ ಆಗ್ಬಿಡುತ್ತೆ. ಉಪ್ಪುನೀರಾದ್ರೆ ಮಣ್ಣು ಬಾಯಿ ತೆರೆದಿರುತ್ತೆ. ಮೊದಲು ಜಿಪ್ಸಂ ಹಾಕಿ ಸೋಡಾ ತೊಳೀಬೇಕು, ಆಮೇಲೆ ಕಾಲುವೆ. ಮಣ್ಣು ಪರೀಕ್ಷೆಯವರು ಬಿಡಿಸಿ ಹೇಳಿದ್ರು."

"ನಿಮ್ಮ ತಮ್ಮನಿಗೂ ತೋರಿಸಬಾರದಾ? ಅವಮಾನ ಆಯ್ತು ಅಂದ್ಕೊಂಡಿದ್ದಾನೆ."

"ಬಂದು ಕೇಳಲಿ, ಹೇಳ್ತೀನಿ."

ಅವನು ಕೇಳಲಿಲ್ಲ. ಇವನು ಹೇಳಲಿಲ್ಲ. ಇವನು ಕಣ್ಣು ಮುಚ್ಚುವ ಹೊತ್ತಿಗೆ ಹೊಲದ ಸೋಡಾ ತೊಳೆಯುವ ಕೆಲಸ ಅರ್ಧ ದಾರಿಗಷ್ಟೇ ಬಂದಿತ್ತು.

*

ಮನೆಗೆ ಮರಳುವಾಗ ಮೈದುನ ಎದುರಾದ. ಮೊಣಕಾಲವರೆಗೆ ಕೆಸರು, ಹೆಗಲ ಮೇಲೆ ಗುದ್ದಲಿ, ಅತ್ತು ಕೆಂಪಾದ ಕಣ್ಣು.

"ಅತ್ತಿಗೆ, ಕಾಲುವೆ ತೂಬು ಎತ್ತಿದೆ. ಬದುಕಿದ್ದಾಗಂತೂ ಅಣ್ಣ ನನ್ನ ನೀರು ಮುಟ್ಲಿಲ್ಲ. ಅವನ ಹೊಲವಾದ್ರೂ ಹೊಟ್ಟೆ ತುಂಬ ಕುಡೀಲಿ ಅಂತ."

"ಎಷ್ಟು ಬಿಟ್ಟೆ?"

"ಕೊನೇ ಮಡಿ ತುಂಬಿದ ಮೇಲೇ ಮುಚ್ಚಿದ್ದು."

"ತಮ್ಮ ಅಂದ್ರೆ ಹೀಗಿರಬೇಕು ನೋಡಿ," ಎಂದ ಪಕ್ಕದ ಹೊಲದವನು.

ಅವಳು ಮೈದುನನ ಹೆಗಲಿನಿಂದ ಗುದ್ದಲಿ ಇಳಿಸಿಕೊಂಡಳು.

"ಕಾಲು ತೊಳ್ಕೊಂಡು ಬಾ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ಸಂಜೆಯಾದರೂ ಹೊಲದ ನೀರು ಒಂದು ಬೆರಳೂ ಇಂಗಿರಲಿಲ್ಲ. ಎಳೆಯ ಗೋಧಿ ತುದಿಯವರೆಗೂ ಮುಳುಗಿತ್ತು. ಎಲ್ಲಿಂದಲೋ ಬಂದಿಳಿದ ಎರಡು ಬಾತುಕೋಳಿಗಳು ಸಾಲುಗಳ ಮೇಲೆ ನಿಧಾನವಾಗಿ ಈಜುತ್ತಿದ್ದವು. ಅವು ಬೆದರದಿರಲೆಂದು ಮೈದುನ ಬದುವಿನ ಮೇಲೆ ನಿಂತು, ತುಟಿಗೆ ಬೆರಳಿಟ್ಟು, ಬಂದವರನ್ನೆಲ್ಲ ಸುಮ್ಮನಿರಿಸುತ್ತಿದ್ದ.