‘ಅಂವ’ ಅಂದಿದ್ದರ

ಪಿಚ್ಚರ್ ಶುರು ಆಗೂದಕ್ಕ ಮದ್ಲ ನನ್ನ ತಮ್ಮ ಚನ್ನು ಕಿವ್ಯಾಗ ಅಂದ, “ಅಕ್ಕಾ, ಅಮೋಲ್ ಇದ್ರಾಗ ಖರೇ ಕತಿನ ತೋರಿಸ್ಯಾನಂತ. ಫೋನ್ ಮಾಡಿ ಹೇಳಿದ. ತನ್ನಪ್ಪ ಕಳ್ಳ ಅಲ್ಲ ಅಂತ ಇವತ್ತು ದೀಪ್ತಿಗೆ ತಿಳೀತೈತಿ.” ಅದಕ್ಕಂತ ಮಗಳನ್ನೂ ಕರಕೊಂಡು ಬಂದಿದ್ದ. ಹಬ್ಬದ ಅಂಗಿ ಬ್ಯಾರೆ ಹಾಕ್ಕೊಂಡಿದ್ದ, ಹುಚ್ಚಪ್ಪ.

ಅಮೋಲ್ ಅಂದ್ರ ಇವನ ಹಳೇ ದೋಸ್ತ. ಡಿಗ್ರಿ ಮುಗಿಸಿ ಮಲ್ಕಾಜ್‌ಗಿರಿ ಸ್ಟೇಷನ್ ಹಿಂದ ಒಂದ ರೂಮಿನ್ಯಾಗ ಬಿದ್ಕೊಂಡು, ಚಾ ಕುಡ್ಕೊಂತ, ಕೆಲಸಿಲ್ಲದ ತಿರುಗಿದವರು. ಊರಿಗೂರ ಕಂಪ್ಯೂಟರ್ ಅಂತ ಕುಣಿಯೋ ಕಾಲ ಅದು. ಆ ದಿನಗಳ ಮ್ಯಾಲೆನ ಅಮೋಲ್ ಈಗ ತೆಲುಗಿನ್ಯಾಗ ನಗಿ ಪಿಚ್ಚರ್ ತೆಗದಿದ್ದ. ಸಾಫ್ಟ್‌ವೇರ್ ನೌಕರಿ ಬ್ಯಾಸರಾತಂತ, ಡೈರೆಕ್ಟರ್ ಆದ. ನನ್ನ ತಮ್ಮ ಮಾದಾಪುರದ ಆಫೀಸಿನವರನ್ನ ಮನಿಗೆ ಬಿಡೋ ಕ್ಯಾಬ್ ಓಡಸ್ತಾನ. ಬ್ಯಾಸರಾತು ಅನ್ನಾಕ ಇವಗ ಪುರಸತ್ತಿಲ್ಲ.

ಆಗ ಆಗಿದ್ದಿಷ್ಟು. ಮಾದಾಪುರದಾಗ ಒಂದು ಕಂಪನಿ ಪರೀಕ್ಷಾ ಇತ್ತು. ಇಬ್ಬರದೂ ಒಂದ ಬೆಂಚು. ಅಮೋಲ್ ಚೀಟಿ ನೋಡಿ ಬರದ. ಪರೀಕ್ಷಾ ಕಾಯೋ ಸಾಹೇಬ ಬರೂದು ಕಂಡು ಚೀಟಿ ಚನ್ನುನ ಕಾಲಾಗ ಒಗದ. ಸಾಹೇಬ ಬಗ್ಗಿ ಚೀಟಿ ಎತ್ತಿ, “ನುವ್ವೇನಾ ಕಾಪಿ ಕೊಟ್ಟಿಂದಿ?” ಅಂದ, ನೀನೇನು ಕಾಪಿ ಹೊಡದಾವ ಅಂತ. ಚನ್ನು ಯಾದಗಿರಿಯಿಂದ ಆಗಷ್ಟ ಬಂದಿದ್ದ. ತೆಲುಗು ತಿಳೀತಿತ್ತು, ಬಾಯಿಗೆ ಬರ್ತಿರಲಿಲ್ಲ. ಹುಟ್ಟಿದಾಗಿಂದ ‘ಅಂವ’ ಅಂದ ಬಾಯಿ ಅದು. ಅವತ್ತು ಟೈ ಕಟ್ಟಿದವರ ಮುಂದ ಮರ್ಯಾದಿಲೆ ಮಾತಾಡಬೇಕಂತ ಸಾಲಿ ಪುಸ್ತಕದ ಕನ್ನಡ ಹೊರಗ ತೆಗೆದ. “ಅವನು” ಅಂದ.

ತೆಲುಗಿನ್ಯಾಗ ‘ಅವುನು’ ಅಂದ್ರ ಹೌದು.

ಕಾಲರ್ ಹಿಡಿದು ಹೊರಗ ದಬ್ಬಿದರು. ಅಮೋಲ್ ತಲಿ ಎತ್ತಲಿಲ್ಲ, ಬರಕೊಂತ ಕುಂತ. ಅವಂಗ ನೌಕರಿ, ಇವಂಗ ‘ಕಾಪಿ ಚನ್ನು’ ಅನ್ನೋ ಹೆಸರು. ಬೀಗರ ಮನಿತನಕ ಹೋದ ಹೆಸರು ಮಗಳ ಕಿವಿಗೆ ಬೀಳದ ಇರತೈತೇನು?

ಪಿಚ್ಚರ್‌ನ್ಯಾಗ ಆ ಸೀನ್ ಬಂತು. ಹೀರೋ ಅಂದ್ರ ಅಮೋಲ್, ಪೆದ್ದ ಅಂದ್ರ ಚನ್ನು. ಪೆದ್ದನ ಅಂಗಿಯೊಳಗಿಂದ ಚೀಟಿ ಮ್ಯಾಲೆ ಚೀಟಿ ಉದುರಿದವು. ಅಂವ “ಅವುನು” ಅಂದ, ಥೇಟರ್ ಹೋ ಅಂತು. ಹೀರೋ ಪಾಪ, ಅವನ ಸಲುವಾಗಿ ಕಣ್ಣೀರು ಹಾಕಿದ! ದೀಪ್ತಿ ಹೊಟ್ಟಿ ಹಿಡ್ಕೊಂಡು ನಕ್ಕಳು. ಚನ್ನು ಪರದೆ ಬಿಟ್ಟು ಮಗಳ ಮಾರಿನ ನೋಡಾಕತ್ತಿದ್ದ.

ಹೊರಗ ಅಮೋಲ್ ಹಲ್ಲು ಕಿಸ್ಕೊಂತ ಬಂದ. “ಶೈಲಕ್ಕಾ, ಹೆಂಗಿತ್ರಿ?”

“ಚೀಟಿ ಯಾರದೋ?”

“ಅಯ್ಯ, ಹೀರೋನ ಕಾಪಿ ಹೊಡದ್ರ ಜನ ನೋಡ್ತಾರೇನ್ರಿ? ಚನ್ನು ಏನೂ ತಿಳ್ಕೊಳ್ಳಂಗಿಲ್ಲ ಬಿಡ್ರಿ.”

“ನಿನ್ನ ಬಾಯಾಗ ಮಣ್ಣು ಬೀಳಲಿ” ಅಂದೆ. ಸುತ್ತಲಿದ್ದವರು ಅದಕ್ಕೂ ನಕ್ಕರು.

ಗಾಡ್ಯಾಗ ಕುಂತ ಮ್ಯಾಲೆ ಚನ್ನು ಚಾಲೂ ಮಾಡಲಿಲ್ಲ. ಮುಂದ ನೋಡ್ಕೊಂತನ ಅಂದ, “ದೀಪ್ತಿ, ಆ ಚೀಟಿ ನಂದಲ್ಲವಾ. ಖರೇನ ನಂದಲ್ಲ.”

ದೀಪ್ತಿ ಹಿಂದಿನಿಂದ ಅವನ ಹೆಗಲ ಮ್ಯಾಲೆ ಕೈ ಇಟ್ಟಳು, ಭಾಳ ಪ್ರೀತಿಲೆ.

“ನಾಚಿಕೋಬ್ಯಾಡಪ್ಪಾ. ಆ ವಯಸ್ಸಿನ್ಯಾಗ ಎಲ್ಲಾರೂ ಮಾಡ್ತಾರ. ನಂಗೇನೂ ಸಿಟ್ಟಿಲ್ಲ.”